ಸತ್ತವನ ಕಾಲಿನ ಬೇಡಿ

"ದೀಪಾವಳಿ ಸಂಚಿಕೆಗಾದರೂ ಸ್ವಲ್ಪ ಬೆಳಕಿರೋ ಪುಸ್ತಕ ಆರಿಸ್ಕೊಳ್ಳಿ ಡಾಕ್ಟ್ರೇ" ಎಂದು ನಮ್ಮ ಸಂಪಾದಕರು ಫೋನಿನಲ್ಲಿ ಕೇಳಿಕೊಂಡರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಒಂದು ಪುಟದಲ್ಲಿ ಹೋಳಿಗೆ ಮಾಡುವ ವಿಧಾನ, ಇನ್ನೊಂದರಲ್ಲಿ ಮಕ್ಕಳ ಫ್ಯಾನ್ಸಿ ಡ್ರೆಸ್ಸಿನ ಫೋಟೋಗಳು, ಇವೆರಡರ ನಡುವೆ ನನ್ನ ಈ ಅಂಕಣ. ಆದರೆ ಏನು ಮಾಡಲಿ, ಈ ಬೇಸಿಗೆ ಪೂರ್ತಿ ನನ್ನ ತಲೆದಿಂಬಿನ ಪಕ್ಕದಲ್ಲಿದ್ದದ್ದು ಸೈಬೀರಿಯಾದ ಜೈಲಿನ ಪುಸ್ತಕ. ಓದಿದ್ದನ್ನು ಬಿಟ್ಟು ಓದದೇ ಇದ್ದದ್ದರ ಬಗ್ಗೆ ಬರೆಯುವ ಜಾಣ್ಮೆ ನನಗಿಲ್ಲ. ಸಂಪಾದಕರು ಕ್ಷಮಿಸಲಿ.

ಜೈಲಿನ ಪುಸ್ತಕ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 'ಪ್ಯಾಪಿಲಾನ್'. ಹೆನ್ರಿ ಶಾರಿಯೇರ್ 1969ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಆ ಸಾಹಸದ ಕತೆಯನ್ನು ಪೂರ್ಣಚಂದ್ರ ತೇಜಸ್ವಿ ಮತ್ತು ಪ್ರದೀಪ ಕೆಂಜಿಗೆ ಕನ್ನಡಕ್ಕೆ ತಂದರು. ನಮ್ಮ ಬಳಗದಲ್ಲೇ ಅದನ್ನು ಮೂರು ನಾಲ್ಕು ಸಲ ಓದಿದವರಿದ್ದಾರೆ. ಅಲ್ಲಿ ಸ್ವಾತಂತ್ರ್ಯವೆಂದರೆ ತಪ್ಪಿಸಿಕೊಳ್ಳುವುದು. ದೋಣಿ ಹುಡುಕು, ಅಲೆ ಎಣಿಸು, ಸಮುದ್ರಕ್ಕೆ ಹಾರು! ಓದುವವರ ಎದೆಯೂ ಹಾರುತ್ತದೆ. ನಾನು ಹೇಳಹೊರಟ ಪುಸ್ತಕದಲ್ಲಿ ಹಾರುವವರು ಇಲ್ಲವೆಂದಲ್ಲ, ಆದರೆ ಕತೆ ಅವರದಲ್ಲ. ಇದು ಹಾರಲಾಗದೆ ಉಳಿದವರ ಕತೆ. ಬರೆದವರು ಫ್ಯೋದರ್ ದಾಸ್ತೊಯೆವ್ಸ್ಕಿ. ಇಂಗ್ಲಿಷಿನಲ್ಲಿ 'ದಿ ಹೌಸ್ ಆಫ್ ದಿ ಡೆಡ್' ಎಂದು ಕಾನ್ಸ್ಟೆನ್ಸ್ ಗಾರ್ನೆಟ್ 1915ರಲ್ಲಿ ಅನುವಾದಿಸಿದರು. ಈಚಿನ ಅನುವಾದಗಳೂ ಇವೆ. 2015ರಲ್ಲಿ ಬಂದ ಒಂದರ ಹೆಸರು 'ನೋಟ್ಸ್ ಫ್ರಮ್ ಎ ಡೆಡ್ ಹೌಸ್'. ಮೂಲಕ್ಕೆ ಇದೇ ಹತ್ತಿರ. ಸತ್ತವರ ಮನೆಯಲ್ಲ, ಮನೆಯೇ ಸತ್ತಿದೆ. ನಮ್ಮಲ್ಲಿ ಸಾವಿನ ಮನೆಯೆಂದರೆ ನೆಂಟರಿಷ್ಟರು ಬಂದು ಹೋಗುವ ಮನೆ. ಇಲ್ಲಿಗೆ ಯಾರೂ ಬರುವುದಿಲ್ಲ.

'ಅಪರಾಧ ಮತ್ತು ಶಿಕ್ಷೆ', 'ಕರಮಜೋವ್ ಸಹೋದರರು' ಬರೆದವನೆಂದು ದಾಸ್ತೊಯೆವ್ಸ್ಕಿಯ ಹೆಸರು ಎಲ್ಲರಿಗೂ ಗೊತ್ತು. ಆತ ಡಾಕ್ಟರ ಮಗ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹುಟ್ಟಿದ್ದು 1821ರಲ್ಲಿ, ಮಾಸ್ಕೋದ ಬಡವರ ಆಸ್ಪತ್ರೆಯೊಂದರ ಆವರಣದಲ್ಲೇ. ತಂದೆ ಅಲ್ಲಿನ ವೈದ್ಯ. ಆಸ್ಪತ್ರೆಯ ಅಂಗಿ ತೊಟ್ಟು ಅಂಗಳದಲ್ಲಿ ಓಡಾಡುವ ರೋಗಿಗಳ ನಡುವೆ ಬೆಳೆದ ಹುಡುಗ. ಅದಕ್ಕೇ ಇರಬೇಕು, ಈ ಪುಸ್ತಕದ ಆಸ್ಪತ್ರೆಯ ಅಧ್ಯಾಯಗಳನ್ನು ಓದುವಾಗ ನನಗೆ ಯಾರೋ ವಾರ್ಡ್ ರೌಂಡಿನಲ್ಲಿ ಜೊತೆಗೆ ನಡೆಯುತ್ತಿದ್ದಾರೆ ಅನ್ನಿಸಿತು.

1849ರಲ್ಲಿ ಸರ್ಕಾರದ ವಿರುದ್ಧ ಮಾತಾಡುವ ಒಂದು ಗುಂಪಿನಲ್ಲಿದ್ದ ಎಂದು ಆತನನ್ನು ಬಂಧಿಸಿದರು. ಆ ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗಿನ ಮೈದಾನವೊಂದರಲ್ಲಿ ಕೈದಿಗಳನ್ನು ಸಾಲಾಗಿ ನಿಲ್ಲಿಸಿ ಮರಣದಂಡನೆ ಓದಿ ಹೇಳಿದರು. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ ಬಂದೂಕು ಗುರಿಯಿಟ್ಟರು. ದಾಸ್ತೊಯೆವ್ಸ್ಕಿ ಅದರ ನಂತರದ ಮೂವರಲ್ಲಿ ಒಬ್ಬ. ಆಗ ನಿಲ್ಲಿಸಿ ಎಂಬ ಸೂಚನೆ ಬಂತು, ಚಕ್ರವರ್ತಿಗಳು ದಯೆ ತೋರಿದ್ದಾರೆ ಎಂದು. ಎಲ್ಲ ಮೊದಲೇ ಬರೆದಿಟ್ಟ ನಾಟಕ. ಕಂಬಕ್ಕೆ ಕಟ್ಟಿಸಿಕೊಂಡಿದ್ದ ಮೂವರಲ್ಲಿ ಒಬ್ಬನಿಗೆ ಬುದ್ಧಿಭ್ರಮಣೆಯಾಯಿತು. 28 ವರ್ಷದ ದಾಸ್ತೊಯೆವ್ಸ್ಕಿಯ ಕಾಲಿಗೆ ಬೇಡಿ ಹಾಕಿ, ಚಳಿಯಲ್ಲಿ ಜಾರುಬಂಡಿ ಹತ್ತಿಸಿ ಸೈಬೀರಿಯಾದ ಓಮ್ಸ್ಕ್ ಕೋಟೆಗೆ ಕಳಿಸಿದರು. ಅಲ್ಲಿ ನಾಲ್ಕು ವರ್ಷ ಕಠಿಣ ದುಡಿಮೆ, ಆಮೇಲೆ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯ ಚಾಕರಿ. ದಾರಿಯಲ್ಲಿ ತೊಬೋಲ್ಸ್ಕ್‌ನಲ್ಲಿ, ಹಿಂದಿನ ಬಂಡಾಯದ ಕೈದಿಗಳ ಹೆಂಡತಿಯರು ಈ ಹೊಸ ಕೈದಿಗಳ ಕೈಗೆ ಒಂದೊಂದು ಹೊಸ ಒಡಂಬಡಿಕೆ ಕೊಟ್ಟರು. ಅದರ ರಟ್ಟಿನೊಳಗೆ 10 ರೂಬಲ್ ಬಚ್ಚಿಟ್ಟಿದ್ದರು! ಪುಣ್ಯಾತ್ಗಿತ್ತಿಯರು. ಆ ಪ್ರತಿಯನ್ನು ಆತ 1881ರಲ್ಲಿ ಸಾಯುವ ತನಕ ಬಿಟ್ಟಿರಲಿಲ್ಲ.

ಜೈಲಿನಲ್ಲಿ ಬರೆಯುವಂತಿರಲಿಲ್ಲ. ಆದರೆ ಆಸ್ಪತ್ರೆಗೆ ಸೇರಿದಾಗಲೆಲ್ಲ, ಅಲ್ಲಿನ ವೈದ್ಯರ ಕೃಪೆಯಿಂದ, ಕೈದಿಗಳ ಮಾತು, ಗಾದೆ, ಬೈಗುಳಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ಗೀಚಿಕೊಂಡ. ಹಾಗೆ ನೂರಾರು ಮಾತುಗಳು ಕೂಡಿದವು. ಆ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡವನು ಆಸ್ಪತ್ರೆಯ ಒಬ್ಬ ಕಾಂಪೌಂಡರ್. ರಷ್ಯನ್ ಸಾಹಿತ್ಯಕ್ಕೆ ವೈದ್ಯಕೀಯ ಸಿಬ್ಬಂದಿಯ ಕೊಡುಗೆ ಎಂದರೆ ಚೆಕಾಫ್ ಮಾತ್ರ ಎಂದುಕೊಂಡಿದ್ದೆ. ಈ ಕಾಂಪೌಂಡರನನ್ನೂ ಸೇರಿಸಿಕೊಳ್ಳಬೇಕು.

ಪುಸ್ತಕ 1860ರಿಂದ 1862ರವರೆಗೆ ಪತ್ರಿಕೆಗಳಲ್ಲಿ ಕಂತುಕಂತಾಗಿ ಬಂತು. ಕಾದಂಬರಿ ಎನ್ನಲೋ ಆತ್ಮಕತೆ ಎನ್ನಲೋ? ಕತೆ ಹೇಳುವವನು ಗೊರ್ಯಾಂಚಿಕೋವ್ ಎಂಬ ಜಮೀನ್ದಾರ. ಹೆಂಡತಿಯನ್ನು ಕೊಂದು 10 ವರ್ಷ ಶಿಕ್ಷೆ ಅನುಭವಿಸಿದವನು. ಸೆನ್ಸಾರಿನ ಕಣ್ಣು ತಪ್ಪಿಸಲು ಹಾಕಿಕೊಂಡ ಮುಖವಾಡ ಇದು. ಹೋಗಹೋಗುತ್ತ ಅದು ಜಾರಿಬಿಡುತ್ತದೆ. ಹೆಂಡತಿಯ ಕೊಲೆಯ ಸುದ್ದಿಯನ್ನೇ ಲೇಖಕ ಮರೆತವನಂತೆ, ರಾಜಕೀಯ ಕೈದಿಯ ದನಿಯಲ್ಲಿ ಮಾತಾಡತೊಡಗುತ್ತಾನೆ. ವಿಮರ್ಶಕರು ಇದನ್ನು ದೋಷ ಎನ್ನಬಹುದು. ನನಗಂತೂ ಆ ಮುಖವಾಡ ಜಾರಿದ ಜಾಗಗಳೇ ಪ್ರಿಯ. ಟಾಲ್‌ಸ್ಟಾಯ್ 1880ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ಹೊಸ ಸಾಹಿತ್ಯದ ಎಲ್ಲ ಪುಸ್ತಕಗಳಿಗಿಂತ ಮೇಲೆ ಇಟ್ಟ. ಪುಷ್ಕಿನ್ನನನ್ನೂ ಸೇರಿಸಿ! ಯಾರನ್ನೂ ಸುಲಭವಾಗಿ ಹೊಗಳದ ಮುದುಕ.

ಸುಮಾರು 250 ಕೈದಿಗಳು. ಮಲಗಲು ತಲಾ ಮೂರು ಹಲಗೆಯ ಜಾಗ. ಸುತ್ತ ಚೂಪು ತುದಿಯ ಮರದ ಕಂಬಗಳ ಬೇಲಿ. ಒಬ್ಬ ಕೈದಿ ಆ ಸುಮಾರು 1500 ಕಂಬಗಳನ್ನು ಒಂದೊಂದು ಕಂಬ ಒಂದೊಂದು ದಿನ ಎಂದು ಲೆಕ್ಕಹಾಕುತ್ತ ಶಿಕ್ಷೆ ಸವೆಸುತ್ತಾನೆ. ಇಂಥ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಹಿಂಸೆ ಯಾವುದು? ಏಟಲ್ಲ, ಹಸಿವಲ್ಲ. ವರ್ಷಗಟ್ಟಲೆ ಒಂದು ನಿಮಿಷವೂ ಒಬ್ಬಂಟಿಯಾಗಿರಲು ಆಗದಿರುವುದು ಎನ್ನುತ್ತಾನೆ ಕತೆಗಾರ. ಕೂಡುಕುಟುಂಬದಲ್ಲಿ ಬೆಳೆದ ನಾವು ಇದನ್ನು ಓದಿ ನಗಬಹುದು. ಆದರೆ ಕೂಡಿ ಬಾಳುವುದೇ ಬೇರೆ, ಕೂಡಿ ಹಾಕಿಸಿಕೊಳ್ಳುವುದೇ ಬೇರೆ.

ಕ್ರೌರ್ಯದ ವಿಷಯಕ್ಕೆ ಬರುತ್ತೇನೆ. ಜೈಲಿನ ಮೇಜರನಿಗೆ ಕೈದಿಗಳು 'ಎಂಟು ಕಣ್ಣಿನವನು' ಎಂದು ಅಡ್ಡಹೆಸರಿಟ್ಟಿದ್ದಾರೆ. ಎಡಗಡೆ ಮಗ್ಗುಲಲ್ಲಿ ಮಲಗಿದ ಎಂದೂ ಶಿಕ್ಷೆ ಕೊಡುವವನು. ಆತನಿಗೆ ಲೋಕದಲ್ಲಿ ಪ್ರೀತಿ ಇದ್ದದ್ದು ತನ್ನ ನಾಯಿಯ ಮೇಲೆ ಮಾತ್ರ. ನಾಯಿಗೆ ಕಾಯಿಲೆಯಾದಾಗ ಪಶುವೈದ್ಯ ಗೊತ್ತಿದ್ದ ಕೈದಿಯನ್ನು ಕರೆಸುತ್ತಾನೆ. ರಕ್ತ ತೆಗೆದರೆ ಬದುಕುತ್ತದೆ ಎಂದು ಕೈದಿಗೆ ಗೊತ್ತು. ಆದರೂ ತಡವಾಯಿತು ಎಂದು ಕೈಮುಗಿದು ಬರುತ್ತಾನೆ, ನಾಯಿ ಸಾಯುತ್ತದೆ. ಮುಂದೆ ಈ ಮೇಜರನ ಮೇಲೇ ವಿಚಾರಣೆ ನಡೆದು ಕೆಲಸ ಹೋದ ಮೇಲೆ, ಸವೆದ ಕೋಟು ಹಾಕಿಕೊಂಡು ಹೋಗುವುದನ್ನು ಕೈದಿಗಳು ನೋಡುತ್ತಾರೆ. ಸಮವಸ್ತ್ರದಲ್ಲಿ ದೇವರಂತಿದ್ದವನು ಈಗ ಆಳಿನಂತೆ ಕಾಣುತ್ತಾನೆ. ಇಷ್ಟೇನಾ ಇವನು ಅನ್ನಿಸುತ್ತದೆ ಅವರಿಗೆ.

ಇನ್ನೊಬ್ಬ ಲೆಫ್ಟಿನೆಂಟ್ ಇದ್ದಾನೆ, ಝೆರೆಬ್ಯಾತ್ನಿಕೋವ್. ಏಟು ಹೊಡೆಸುವುದು ಅವನಿಗೆ ಹಬ್ಬದೂಟ. ಕೈದಿ ಅಂಗಲಾಚಿದಾಗ ಕರಗಿದವನಂತೆ ನಟಿಸುತ್ತಾನೆ. ನಿನ್ನನ್ನು ಕಟ್ಟಿಸುವುದಿಲ್ಲ, ಸೈನಿಕರ ಸಾಲಿನ ನಡುವೆ ಎಷ್ಟು ಬೇಗ ಓಡುತ್ತೀಯೋ ಓಡು, ಬೇಗ ಮುಗಿಯುತ್ತದೆ ಎಂದು ಆಸೆ ಹುಟ್ಟಿಸುತ್ತಾನೆ. ಓಡಿದವನು ಹತ್ತು ಹದಿನೈದು ಏಟಿಗೇ ನೆಲಕಚ್ಚುತ್ತಾನೆ. ಲೆಫ್ಟಿನೆಂಟ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಇಂಥ ಅಧಿಕಾರವನ್ನು ಒಮ್ಮೆ ಸವಿದವನಿಗೆ ಅದು ಚಟವಾಗುತ್ತದೆ, ಚಟ ಬೆಳೆದು ರೋಗವಾಗುತ್ತದೆ, ಒಳ್ಳೆಯ ಮನುಷ್ಯನೂ ಹೀಗೆ ಮೃಗವಾಗಬಲ್ಲ ಎಂದು ದಾಸ್ತೊಯೆವ್ಸ್ಕಿ ಅಭಿಪ್ರಾಯಪಡುತ್ತಾನೆ. ಕೊರಡೆ ಹಿಡಿಯುವವನ ಗುಣ ಮೊಳಕೆಯ ರೂಪದಲ್ಲಿ ಬಹುಮಟ್ಟಿಗೆ ಎಲ್ಲರಲ್ಲೂ ಇದೆಯಂತೆ.

'ರೋಗ' ಎಂಬ ಪದವನ್ನು ಸಾಹಿತಿಗಳು ಬಳಸಿದಾಗ ನಾನು ಸಾಮಾನ್ಯವಾಗಿ ಹುಬ್ಬೇರಿಸುತ್ತೇನೆ. ಅವರಿಗೆ ಎಲ್ಲವೂ ರೋಗ, ಎಲ್ಲವೂ ಕ್ಯಾನ್ಸರ್! ಆದರೆ ಇಲ್ಲಿ ಆತ ಹೇಳುವುದು ರೂಪಕವಾಗಿ ಅಲ್ಲ, ಹೆಚ್ಚುಕಡಿಮೆ ಪಾಠದಂತೆ. ಕಾರಣ ಇದೆ: ಎದುರಾಡಲಾರದ ಮನುಷ್ಯನ ಮೇಲೆ ಲಗಾಮಿಲ್ಲದ ಅಧಿಕಾರ. ಹಂತಗಳಿವೆ. ಯಾರಿಗೆ ತಗಲುತ್ತದೆ ಎಂಬುದೂ ಇದೆ: ಯಾರಿಗಾದರೂ. ಒಂದು ವಿಚಿತ್ರವನ್ನೂ ಗಮನಿಸುತ್ತಾನೆ. ಸ್ಮೆಕಾಲೋವ್ ಎಂಬ ಇನ್ನೊಬ್ಬ ಅಧಿಕಾರಿಯೂ ಹೊಡೆಸುತ್ತಿದ್ದವನೇ, ತಮಾಷೆ ಮಾಡುತ್ತಲೇ ಹೊಡೆಸುತ್ತಿದ್ದವನು. ಆದರೆ ಅವನ ನೆನಪಾದರೆ ಕೈದಿಗಳ ಮುಖ ಅರಳುತ್ತದೆ! ತಮ್ಮವನಂತೆ ಮಾತಾಡುತ್ತಿದ್ದನಲ್ಲ, ಅಷ್ಟೇ ಸಾಕು ಅವರಿಗೆ. ಅವಮಾನದ ಉಪ್ಪು ಸೇರದಿದ್ದರೆ ಏಟಿನ ಗಾಯ ಬೇಗ ಮಾಯುತ್ತದೋ ಏನೋ.

ಇನ್ನು ಆಸ್ಪತ್ರೆ. ಕೋಟೆಯಿಂದ ಅರ್ಧ ಮೈಲಿಯೊಳಗೆ, ಹಳದಿ ಬಣ್ಣ ಬಳಿದ ಉದ್ದನೆಯ ಕಟ್ಟಡ. ಕೈದಿಗಳ ವಾರ್ಡಿಗೆ ಬೀಗ, ಬಾಗಿಲಲ್ಲಿ ಬಂದೂಕಿನ ಕಾವಲು, ಕಿಟಕಿಗೆ ಕಬ್ಬಿಣದ ಸರಳು. ಹೊಸದಾಗಿ ಬಂದವನಿಗೆ ಕೊಡುವ ನಿಲುವಂಗಿಯಲ್ಲಿ ಹಿಂದಿನವರ ಕೀವು, ಮುಲಾಮು, ಪಟ್ಟಿಗಳ ವಾಸನೆ. ಮೈಬಿಸಿಗೆ ಅದು ಇನ್ನೂ ಎದ್ದು ಬರುತ್ತದೆ. ರಾತ್ರಿ ಶೌಚಕ್ಕೆ ಕೂಗಳತೆಯಲ್ಲಿರುವ ಪಾಯಿಖಾನೆಗೂ ಬಿಡುವುದಿಲ್ಲ, ಒಳಗೇ ಒಂದು ಮರದ ತೊಟ್ಟಿ. ಸಾಯುವ ರೋಗಿ ಎಲ್ಲಿಗೆ ಓಡಿಹೋಗುತ್ತಾನೆ ಎಂದು ಕತೆಗಾರ ಕೇಳುತ್ತಾನೆ. ಉತ್ತರ ಕೊಡುವವರು ಯಾರೂ ಇಲ್ಲ.

ಆದರೆ ಡಾಕ್ಟರುಗಳ ಬಗ್ಗೆ ಈತ ಬರೆದದ್ದನ್ನು ಓದಿದರೆ ನಮ್ಮ ಜಾತಿಯವರಿಗೆಲ್ಲ ಎದೆಯುಬ್ಬಬೇಕು. (ಜಾತಿ ಎಂದರೆ ಸ್ಟೆತೋಸ್ಕೋಪಿನ ಜಾತಿ!) ಇಡೀ ರಷ್ಯದಲ್ಲಿ ಕೈದಿಯನ್ನು ಕೈದಿಯೆಂದು ಬೇರೆ ಮಾಡಿ ನೋಡದವರು ಇಬ್ಬರೇ ಎಂದು ಆತನ ಭಾವನೆ: ಸಾಮಾನ್ಯ ಜನ ಮತ್ತು ವೈದ್ಯರು. ದುಡಿದು ಸಾಕಾಗಿ, ಕಾಯಿಲೆಯಿಲ್ಲದಿದ್ದರೂ ಎರಡು ದಿನ ಹಾಸಿಗೆಯ ಸುಖ ಬೇಕೆಂದು ಬಂದವನನ್ನು ಅವರು ಗದರುವುದಿಲ್ಲ. ಕೇಸ್ ಶೀಟಿನಲ್ಲಿ 'ಫೆಬ್ರಿಸ್ ಕಟಾರಾಲಿಸ್' ಎಂದು ಲ್ಯಾಟಿನ್ನಿನಲ್ಲಿ ಬರೆಯುತ್ತಾರೆ, ಅಂದರೆ ನೆಗಡಿ ಜ್ವರ. ಅದು ಡಾಕ್ಟರಿಗೂ ರೋಗಿಗೂ ನಡುವಿನ ಒಳಒಪ್ಪಂದ ಎಂದು ವಾರ್ಡಿಗೆಲ್ಲ ಗೊತ್ತು. ಕೈದಿಗಳು ಈ ಲ್ಯಾಟಿನ್ನಿಗೆ ತಮ್ಮದೇ ತಮಾಷೆಯ ಅನುವಾದ ಮಾಡಿಕೊಂಡಿದ್ದಾರೆ. ನಮ್ಮೂರಿನ ಮೆಡಿಕಲ್ ಸರ್ಟಿಫಿಕೇಟುಗಳ 'ವೈರಲ್ ಫೀವರ್' ನೆನಪಾಗಿ ನಕ್ಕೆ. ಆದರೆ ಈ ದಯೆಗೂ ಮಿತಿಯುಂಟು. ಒಬ್ಬ ಏನನ್ನೋ ಉಜ್ಜಿಕೊಂಡು ಕಣ್ಣು ಕೆಂಪಾಗಿಸಿಕೊಂಡು ವಾರಗಟ್ಟಲೆ ಮಲಗಿದಾಗ ಕತ್ತಿನ ಹಿಂಭಾಗದ ಚರ್ಮವನ್ನು ಚುಚ್ಚಿ ಬಟ್ಟೆಯ ಪಟ್ಟಿ ತೂರಿಸಿ ದಿನಾ ಎಳೆಯುವ ಆ ಕಾಲದ ಚಿಕಿತ್ಸೆ ಶುರುವಾಗುತ್ತದೆ. ಕೆಲವು ದಿನ ಹಲ್ಲುಕಚ್ಚಿ ತಡೆದುಕೊಂಡವನು ಕೊನೆಗೆ ಡಿಸ್ಚಾರ್ಜ್ ಕೇಳುತ್ತಾನೆ. ಕಣ್ಣು ಮಾರನೆಯ ದಿನವೇ ವಾಸಿ!

ನಗು ಇಲ್ಲಿಗೆ ನಿಲ್ಲುತ್ತದೆ. ಯಾಕೆಂದರೆ ಇದೇ ಡಾಕ್ಟರು ಛಡಿ ಏಟಿನ ಮೈದಾನದಲ್ಲೂ ಇರುತ್ತಾನೆ. ಸೈನಿಕರ ಎರಡು ಸಾಲುಗಳ ನಡುವೆ ಕೈದಿಯನ್ನು ನಡೆಸಿ ಬೆನ್ನಿಗೆ ಕೋಲಿನಿಂದ ಬಾರಿಸುವ ಶಿಕ್ಷೆ ಅದು. ಸಾವಿರ, ಎರಡು ಸಾವಿರ, ನಾಲ್ಕು ಸಾವಿರ ಏಟುಗಳ ತೀರ್ಪೂ ಉಂಟು. ಈ ಮೈ ಇವತ್ತು ಎಷ್ಟು ತಾಳುತ್ತದೆ ಎಂದು ಹೇಳುವುದು ಡಾಕ್ಟರ ಕೆಲಸ. ಸಾಕು ಎಂದರೆ ನಿಲ್ಲಿಸುತ್ತಾರೆ. ಆಸ್ಪತ್ರೆಗೆ ತಂದು, ಬೆನ್ನಿನಲ್ಲಿ ಸಿಕ್ಕಿದ ಸಿಬಿರುಗಳನ್ನು ಕಿತ್ತು, ಒದ್ದೆ ಬಟ್ಟೆ ಹಾಕಿ, ಅದು ಒಣಗಿದ ಹಾಗೆ ಮತ್ತೆ ತೋಯಿಸಿ ಹಾಕುತ್ತಾರೆ. ಉಳಿದ ಕೈದಿಗಳೇ ಮಾತಿಲ್ಲದೆ ಈ ಆರೈಕೆ ಮಾಡುತ್ತಾರೆ. ಗಾಯ ಮಾಯುತ್ತದೆ. ಮಾಯ್ದ ಮೇಲೆ? ಡಿಸ್ಚಾರ್ಜ್, ಮತ್ತೆ ಮೈದಾನ, ಉಳಿದರ್ಧ. ಓರ್ಲೋವ್ ಎಂಬ ಗಟ್ಟಿಗ ದರೋಡೆಕೋರ ಮೊದಲರ್ಧ ಮುಗಿಸಿ, ತಪ್ಪಿಸಿಕೊಳ್ಳುವ ಕನಸು ಕಾಣುತ್ತ ಚೇತರಿಸಿಕೊಂಡು, ಎರಡನೆಯ ಅರ್ಧಕ್ಕೆ ಹೋಗಿ ಸತ್ತ. ಉಸ್ತ್ಯಾಂತ್ಸೆವ್ ಎಂಬವನು ಏಟಿನ ಭಯಕ್ಕೆ ಹೊಗೆಸೊಪ್ಪು ನೆನೆಸಿದ ವೋಡ್ಕಾ ಕುಡಿದು, ಅದರಿಂದಲೇ ಎದೆಗೆ ರೋಗ ಹತ್ತಿಸಿಕೊಂಡು ನರಳುತ್ತಿದ್ದಾನೆ. ಮತ್ತೊಬ್ಬ ನಿಜವಾಗಿಯೇ ಹುಚ್ಚ. ಕರ್ನಲನ ಮಗಳು ತನ್ನನ್ನು ಪ್ರೀತಿಸಿದ್ದಾಳೆ, ಶಿಕ್ಷೆ ರದ್ದಾಗುತ್ತದೆ ಎಂದು ಕತೆಗಾರನ ಕಿವಿಯಲ್ಲಿ ಹೇಳುತ್ತಾನೆ. ಡಾಕ್ಟರಿಗೆ ವಿಷಯ ತಿಳಿಸಿದರೂ ಪ್ರಯೋಜನವಾಗುವುದಿಲ್ಲ, ಅವನಿಗೂ ಏಟು ಬೀಳುತ್ತದೆ.

ವೈದ್ಯ ಇಲ್ಲಿ ಕೈದಿಯ ಜೀವ ಉಳಿಸುತ್ತಿದ್ದಾನೆಯೇ, ಶಿಕ್ಷೆ ಪೂರ್ತಿಯಾಗಲು ನೆರವಾಗುತ್ತಿದ್ದಾನೆಯೇ? ಎರಡೂ ಹೌದು. ಈ ಪ್ರಶ್ನೆಗೆ ನಮ್ಮ ವೃತ್ತಿ ಉತ್ತರ ಬರೆದದ್ದು 1975ರಲ್ಲಿ. ವಿಶ್ವ ವೈದ್ಯಕೀಯ ಸಂಘ ಟೋಕಿಯೋ ಘೋಷಣೆಯಲ್ಲಿ, ಚಿತ್ರಹಿಂಸೆ ಮತ್ತು ಅಮಾನುಷ ಶಿಕ್ಷೆ ನಡೆಯುವ ಕಡೆ ವೈದ್ಯ ಭಾಗವಹಿಸುವುದಿರಲಿ, ಹಾಜರಿರಲೂ ಕೂಡದು ಎಂದಿತು. ಪುಸ್ತಕ ಬಂದ 113 ವರ್ಷಗಳ ಮೇಲೆ. ರಷ್ಯದಲ್ಲಿ ಸಾಲಿನ ನಡುವೆ ನಡೆಸಿ ಹೊಡೆಯುವ ಶಿಕ್ಷೆಯನ್ನು 1863ರಲ್ಲಿಯೇ ರದ್ದು ಮಾಡಿದರು.

ಈಗ ಮಿಖೈಲೋವ್. ಇಪ್ಪತ್ತೈದರ ಆಸುಪಾಸಿನ ಹುಡುಗ, ಕ್ಷಯ. ಪುಸ್ತಕದಲ್ಲಿ ಅವನು ಬದುಕಿರುವುದು ಒಂದೋ ಎರಡೋ ಪುಟ. ಒಂದು ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿರುವಾಗ ಉಸಿರಿಗಾಗಿ ಒದ್ದಾಡುತ್ತಾನೆ. ಹೊದಿಕೆ ಭಾರ, ಕಿತ್ತೆಸೆದ. ಅಂಗಿ ಭಾರ, ಅದನ್ನೂ. ಕೊನೆಗೆ ಕುತ್ತಿಗೆಯ ಸಣ್ಣ ಶಿಲುಬೆಯೂ ಭಾರವಾಗಿ ಅದನ್ನು ಎಳೆಯತೊಡಗುತ್ತಾನೆ. ಕೊನೆಹಂತದ ಉಸಿರಾಟದ ತೊಂದರೆ ನೋಡಿದವರಿಗೆ ಇದು ಕಲ್ಪನೆಯಲ್ಲ ಎಂದು ಗೊತ್ತು. ಮೈಮೇಲೆ ಒಂದು ಎಳೆ ದಾರವೂ ಬೇಡವಾಗುತ್ತದೆ. ಎಲ್ಲವನ್ನೂ ಎಸೆದ ಈ ಎಲುಬಿನ ಗೂಡಿನ ಮೇಲೆ ಎಸೆಯಲಾಗದೆ ಉಳಿದದ್ದು ಒಂದೇ, ಕಾಲಿನ ಕಬ್ಬಿಣ. ಬೇಡಿಯ ತೂಕ ಎಂಟರಿಂದ ಹನ್ನೆರಡು ರಷ್ಯನ್ ಪೌಂಡು, ಅಂದರೆ ಸುಮಾರು ಮೂರೂಕಾಲರಿಂದ ಐದು ಕಿಲೋ. ಕಾಲು ಕಡ್ಡಿಯಂತಾಗಿ, ಪಾದವನ್ನೇ ಆ ಬಳೆಯಿಂದ ಹೊರಗೆಳೆಯಬಹುದಿತ್ತು ಅನ್ನಿಸುವಷ್ಟು. ಸತ್ತ ಮೇಲೆ ಕಾವಲಿನ ಅಧಿಕಾರಿ ಬರುತ್ತಾನೆ. ಬೆತ್ತಲೆ ಹೆಣ ನೋಡಿ, ಬೇಡಿ ನೋಡಿ, ಯಾಕೋ ಗಲ್ಲದ ಪಟ್ಟಿ ಬಿಚ್ಚಿ ಶಿರಸ್ತ್ರಾಣ ತೆಗೆದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ಪಕ್ಕದಲ್ಲಿದ್ದ ಮುದಿ ಕೈದಿಯೊಬ್ಬ ಈ ಹುಡುಗನೂ ಒಬ್ಬ ತಾಯಿ ಹೆತ್ತವನೇ ಎಂಬರ್ಥದ ಮೂರ್ನಾಲ್ಕು ಶಬ್ದ ಗೊಣಗುತ್ತಾನೆ. ಹಾಸಿಗೆ ಸಮೇತ ಹೆಣ ಎತ್ತುವಾಗ ಬೇಡಿ ನೆಲಕ್ಕೆ ತಾಗಿ ಸದ್ದಾಗುತ್ತದೆ. ಯಾರೋ ಅದನ್ನೂ ಎತ್ತಿಡುತ್ತಾರೆ. ಹೊರಗಿನಿಂದ ಕಮ್ಮಾರನಿಗೆ ಹೇಳಿಕಳಿಸುವ ದನಿ ಕೇಳುತ್ತದೆ. ಸತ್ತವನ ಬೇಡಿ ಕಳಚಬೇಕಲ್ಲ!

ಇಲ್ಲಿ ದಾಸ್ತೊಯೆವ್ಸ್ಕಿ ತಾನು ಹೊಗಳಿದ ವೈದ್ಯರನ್ನೇ ಮೆತ್ತಗೆ ಕೇಳುತ್ತಾನೆ. ಇಷ್ಟು ದಯಾಳುಗಳಾದ ನೀವು ಕ್ಷಯದ ಕೊನೆಹಂತದಲ್ಲಿರುವವನ ಬೇಡಿಯನ್ನಾದರೂ ತೆಗೆಸಿ ಎಂದು ಮೇಲಿನವರಿಗೆ ಒಂದು ಅರ್ಜಿ ಯಾಕೆ ಬರೆಯಲಿಲ್ಲ? ಬೇಡಿ ಓಡಿಹೋಗದಂತೆ ತಡೆಯಲಂತೂ ಅಲ್ಲ. ಕಮ್ಮಾರಿಕೆ ಗೊತ್ತಿದ್ದವನು ಒಂದು ಕಲ್ಲಿನಿಂದಲೇ ಅದನ್ನು ಕಳಚಿಕೊಳ್ಳಬಲ್ಲ. ಅದು ಬರೀ ಅವಮಾನದ ಗುರುತು, ನಡೆಯುವಾಗಲೆಲ್ಲ ಝಣಝಣ ಎಂದು ನೆನಪಿಸುವ ಗುರುತು. ನೆಗಡಿ ಜ್ವರ ಎಂದು ಸುಳ್ಳು ಬರೆಯಲು ಎತ್ತಿದ ಲೇಖನಿ ಈ ನಿಜ ಬರೆಯಲು ಏಳಲಿಲ್ಲ. ಒಬ್ಬರ ಮೇಲೆ ದಯೆ ತೋರುವುದು ಸುಲಭ, ನಿಯಮದ ಮೈ ಮುಟ್ಟುವುದು ಕಷ್ಟ. ಇಡೀ ಪುಸ್ತಕದಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಝೆರೆಬ್ಯಾತ್ನಿಕೋವನ ನಗುವಲ್ಲ, ಆ ಒಳ್ಳೆಯ ಡಾಕ್ಟರುಗಳ ಈ ಮೌನ.

ನಾನು 1992ರಲ್ಲಿ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಇಂಥದೇ ಕಾಯಿಲೆಯ ಒಬ್ಬ ವಿಚಾರಣಾಧೀನ ಕೈದಿ ನಮ್ಮ ವಾರ್ಡಿನಲ್ಲಿದ್ದ. ಎದೆಯಲ್ಲಿ ನೀರು ತುಂಬಿ ಏದುಸಿರು. ಕಾಲಿಗೂ ಕಬ್ಬಿಣದ ಮಂಚಕ್ಕೂ ಸೇರಿಸಿ ಸರಪಳಿ. ಎಕ್ಸ್‌ರೇಗೆ ಕರೆದೊಯ್ಯುವಾಗ ಮಂಚದ ಕಡೆಯ ಬೀಗ ಬಿಚ್ಚಿ ಟ್ರಾಲಿಗೆ ಹಾಕುತ್ತಿದ್ದರು. "ಇವನು ಎಲ್ಲಿಗ್ರೀ ಓಡ್ತಾನೆ, ಬಾತ್‌ರೂಮಿಗೆ ಹೋಗೋಕೇ ಇಬ್ಬರು ಹಿಡ್ಕೋಬೇಕು" ಎಂದೆ. ಕಾವಲಿದ್ದ ಪೇದೆ ಕೆಟ್ಟವನೇನಲ್ಲ. ತನ್ನ ಬುತ್ತಿಯ ರೊಟ್ಟಿಯಲ್ಲಿ ಅವನಿಗೂ ಮುರಿದು ಕೊಡುತ್ತಿದ್ದ. "ನಂದೇನೈತಿ ಸಾಹೇಬ್ರ, ನೀವು ಬರದು ಕೊಡ್ರಿ, ನಾ ಮ್ಯಾಲಿನವರಿಗೆ ಮುಟ್ಟಸ್ತೀನಿ" ಅಂದ. ಬರೆದುಕೊಟ್ಟೆ. ಮೂರನೆಯ ದಿನ ಉತ್ತರ ಬಂತು: ಹಗಲು ತೆಗೆಯಬಹುದು, ರಾತ್ರಿ ಹಾಕತಕ್ಕದ್ದು. ಆ ದಿನ ಅವನು ಗೋಡೆ ಹಿಡಿದುಕೊಂಡು ವರಾಂಡದವರೆಗೆ ನಡೆದು ಹೋಗಿ ಬಿಸಿಲಿನಲ್ಲಿ ನಿಂತ. ಏನೂ ಮಾಡಲಿಲ್ಲ, ಸುಮ್ಮನೆ ನಿಂತ. ಒಂದು ಗಂಟೆಯ ಮೇಲೆ ತಾನೇ ಬಂದು ಮಲಗಿದ. ಕಾರಣವಿಲ್ಲದೆ ಕೈದಿಗೆ ಕೋಳ ತೊಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿತ್ತು. ಆದರೆ ಆ ತೀರ್ಪು ನಮ್ಮ ವಾರ್ಡಿನ ಮೆಟ್ಟಿಲು ಹತ್ತಿರಲಿಲ್ಲ.

ಇದೆಲ್ಲ ಅಲ್ಲಿಯ ಕತೆ ಎಂದು ಇಂಗ್ಲೆಂಡಿನಲ್ಲಿ ಕುಳಿತ ನಾವು ನಿಟ್ಟುಸಿರು ಬಿಡಬೇಕಿಲ್ಲ. ಲಂಡನ್ನಿನಲ್ಲಿ ಹೆರಿಗೆಗೆ ಬಂದ ಮಹಿಳಾ ಕೈದಿಯ ಕೈಗೆ ಸರಪಳಿ ಹಾಕಿದ್ದ ದೃಶ್ಯವನ್ನು 1996ರಲ್ಲಿ ಟಿವಿಯಲ್ಲಿ ನೋಡಿ ಜನ ರೊಚ್ಚಿಗೆದ್ದ ಮೇಲೆಯೇ ಸರ್ಕಾರ ನಿಯಮ ಬದಲಿಸಿದ್ದು. ನಮ್ಮ ವಾರ್ಡುಗಳಿಗೂ ಇಬ್ಬರು ಕಾವಲುಗಾರರ ಜೊತೆ, ಉದ್ದನೆಯ ಸರಪಳಿಯಲ್ಲಿ ರೋಗಿಗಳು ಬರುತ್ತಾರೆ. ಪರದೆ ಎಳೆದರೂ ಸರಪಳಿ ಅದರಡಿ ಹಾದು ಹೋಗಿರುತ್ತದೆ. ನಾನು ಹೊಟ್ಟೆ ಮುಟ್ಟಿ ನೋಡುವಾಗ ಆ ಕಡೆ ಯಾರೋ ಪತ್ರಿಕೆ ತಿರುವುವ ಸದ್ದು.

ಇನ್ನೊಂದು ವಿಷಯಕ್ಕೂ ಈ ನೆಲಕ್ಕೂ ನಂಟಿದೆ. ಮನುಷ್ಯನನ್ನು ಪೂರ್ತಿ ಪುಡಿಮಾಡಬೇಕೆಂದರೆ ಅರ್ಥವೇ ಇಲ್ಲದ ಕೆಲಸ ಕೊಡಿ, ಒಂದು ತೊಟ್ಟಿಯ ನೀರನ್ನು ಇನ್ನೊಂದಕ್ಕೆ, ಅದರಿಂದ ಮತ್ತೆ ಇದಕ್ಕೆ ಸುರಿಯಲು ಹೇಳಿ, ಕೆಲವೇ ದಿನಗಳಲ್ಲಿ ನೇಣು ಹಾಕಿಕೊಳ್ಳುತ್ತಾನೆ ಎಂದು ದಾಸ್ತೊಯೆವ್ಸ್ಕಿ ಊಹಿಸಿ ಬರೆದ. ಓಮ್ಸ್ಕ್‌ನಲ್ಲಿ ಇಟ್ಟಿಗೆ ಹೊರುವುದು, ಸುಣ್ಣದ ಕಲ್ಲು ಕುಟ್ಟುವುದು ಕಷ್ಟವಾದರೂ ಕಡೆಗೊಂದು ಗೋಡೆಯಾದರೂ ಏಳುತ್ತಿತ್ತು. ಅವನು ಊಹಿಸಿದ್ದನ್ನು ಅದೇ ಕಾಲದಲ್ಲಿ ವಿಕ್ಟೋರಿಯಾ ರಾಣಿಯ ಇಂಗ್ಲೆಂಡ್ ನಡೆಸುತ್ತಿತ್ತು! ಜೈಲಿನ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದಕ್ಕೊಂದು ಹಿಡಿಕೆ. ದಿನಕ್ಕೆ 10,000 ಸುತ್ತು ತಿರುಗಿಸಬೇಕು. ಪೆಟ್ಟಿಗೆಯೊಳಗೆ ಮರಳು ಕಲಕುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. 1898ರ ಕಾಯಿದೆ ಬಂದ ಮೇಲೆ ಇದು ನಿಂತಿತು. ಕ್ರೌರ್ಯ ಯಾವುದೋ ಚಳಿದೇಶದ ಜಾಯಮಾನ ಎಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಸ್ವಾತಂತ್ರ್ಯದ ಬಗ್ಗೆ ಪುಸ್ತಕ ಉದ್ದುದ್ದ ಮಾತಾಡುವುದಿಲ್ಲ. ಆದರೆ ಕೈದಿಗಳು ಮಾಡುವುದನ್ನು ತೋರಿಸುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಕೂಡಿಸಿದ ಕಾಸನ್ನು ಒಬ್ಬ ಒಂದೇ ದಿನದ ಕುಡಿತಕ್ಕೆ ಸುರಿದು, ಬೆನ್ನಿಗೆ ಪಿಟೀಲಿನವನನ್ನು ಕಟ್ಟಿಕೊಂಡು ಜೈಲಿನೊಳಗೆ ಮೆರವಣಿಗೆ ಹೋಗುತ್ತಾನೆ. ಹುಚ್ಚಾಟವಲ್ಲ ಅದು. ಒಂದು ದಿನವಾದರೂ ತನ್ನಿಷ್ಟದಂತೆ ನಡೆದೆ ಎಂದು ತನಗೆ ತಾನೇ ತೋರಿಸಿಕೊಳ್ಳುವುದು. ಗಾಯಗೊಂಡ ಹದ್ದೊಂದು ಎಲ್ಲಿಂದಲೋ ಬಂದು ಜೈಲಿನ ಮೂಲೆ ಸೇರುತ್ತದೆ. ಯಾರಿಗೂ ಒಗ್ಗದೆ, ಹತ್ತಿರ ಹೋದವರನ್ನು ಕುಕ್ಕಲು ನೋಡುತ್ತ ತಿಂಗಳುಗಳನ್ನು ಕಳೆಯುತ್ತದೆ. ಸಾಯುವುದಾದರೆ ಹೊರಗೆ ಸಾಯಲಿ ಎಂದು ಕೈದಿಗಳೇ ಹೊತ್ತೊಯ್ದು ಕೋಟೆಯ ದಿಬ್ಬದಿಂದ ಹುಲ್ಲುಗಾವಲಿಗೆ ಬಿಡುತ್ತಾರೆ. ರೆಕ್ಕೆ ಮುರಿದ ಹಕ್ಕಿ ಕುಂಟುತ್ತ ಹೋಗುತ್ತದೆ, ಹಿಂತಿರುಗಿಯೂ ನೋಡುವುದಿಲ್ಲ. ಹಿಂತಿರುಗಿ ನೋಡಲಿಲ್ಲವಲ್ಲ ಎಂಬುದೇ ಅವರಿಗೆ ಸಂಭ್ರಮ.

ಸೆನ್ಸಾರಿನವರ ಕತೆ ಇನ್ನೂ ಸ್ವಾರಸ್ಯ. ಮೊದಲ ಅಧ್ಯಾಯಗಳನ್ನು ಓದಿದ ಅಧಿಕಾರಿಗೆ ಬಂದ ಅನುಮಾನ ಏನು ಗೊತ್ತೇ? ಜೈಲಿನ ಊಟವನ್ನು ಇಷ್ಟು ಚೆನ್ನಾಗಿ ವರ್ಣಿಸಿದರೆ ಹಳ್ಳಿಯ ಜನ ಶಿಕ್ಷೆಗೆ ಹೆದರುವುದನ್ನೇ ಬಿಡುತ್ತಾರೇನೋ ಎಂದು! ಅದಕ್ಕೆ ಉತ್ತರವಾಗಿ ದಾಸ್ತೊಯೆವ್ಸ್ಕಿ ಕೆಲವು ಪುಟ ಬರೆದುಕೊಟ್ಟ. ಅಮೃತಶಿಲೆಯ ಅರಮನೆ ಕಟ್ಟಿಸಿ, ಚಿನ್ನ ಹೊದಿಸಿ, ಬೇಕಾದ್ದೆಲ್ಲ ಕೊಟ್ಟು, ಹೊರಗೆ ಮಾತ್ರ ಹೋಗಬೇಡ ಎಂದು ಸುತ್ತ ಬೇಲಿ ಹಾಕಿ ನೋಡಿ, ಮನುಷ್ಯ ಬೇಲಿಯಾಚೆಯ ಗುಡಿಸಲನ್ನೇ ಬಯಸುತ್ತಾನೆ ಎಂಬುದು ಅದರ ತಿರುಳು. ಆ ಪುಟಗಳು ಕೊನೆಗೆ ಪುಸ್ತಕಕ್ಕೆ ಸೇರಲೇ ಇಲ್ಲ. ನಮ್ಮ ದೀಪಾವಳಿ ಊಟದಲ್ಲಿ ಎರಡನೇ ಸಲ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತ "ಇದೊಂದು ಚಿನ್ನದ ಪಂಜರ ಕಣ್ರೀ" ಎಂದು ನಿಟ್ಟುಸಿರಿಡುವ ಮಿತ್ರರಿಗೆ ಈ ಪುಟಗಳನ್ನು ಓದಿಸಬೇಕು. ಪಾಸ್‌ಪೋರ್ಟ್ ಡ್ರಾಯರಿನಲ್ಲಿರುವವನದು ಪಂಜರವಲ್ಲ, ಬೇಸರ ಅಷ್ಟೇ.

ಒಂದು ಕೊನೆಯ ಸಂಗತಿ. ಪುಸ್ತಕದ ಆರಂಭದಲ್ಲಿ ತಂದೆಯನ್ನು ಕೊಂದ ಒಬ್ಬ ತರುಣ ಬರುತ್ತಾನೆ. ಸದಾ ನಗುನಗುತ್ತಾ ಇರುವವನು, ಪಶ್ಚಾತ್ತಾಪದ ಸುಳಿವೇ ಇಲ್ಲ. ನಮಗೂ ಅಸಹ್ಯ ಹುಟ್ಟುತ್ತದೆ. ಎರಡನೆಯ ಭಾಗದಲ್ಲಿ ಕತೆ ನಿಲ್ಲಿಸಿ ದಾಸ್ತೊಯೆವ್ಸ್ಕಿ ಒಂದು ಸುದ್ದಿ ತಿಳಿಸುತ್ತಾನೆ. ಸೈಬೀರಿಯಾದಿಂದ ಈಗಷ್ಟೇ ಗೊತ್ತಾಯಿತು, ಆ ತರುಣ ನಿರಪರಾಧಿ, ಹತ್ತು ವರ್ಷ ಸುಮ್ಮನೆ ಬೇಡಿ ಹೊತ್ತ, ನಿಜವಾದ ಕೊಲೆಗಾರರು ಒಪ್ಪಿಕೊಂಡಿದ್ದಾರೆ. ಅಷ್ಟು ಹೇಳಿ ಮುಂದೆ ಹೋಗುತ್ತಾನೆ. ಇದು ನಡೆದ ಸಂಗತಿ. ಸುಮಾರು ಇಪ್ಪತ್ತು ವರ್ಷದ ಮೇಲೆ, 1880ರಲ್ಲಿ ಮುಗಿದ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ತಂದೆಯ ಕೊಲೆಯ ಆರೋಪ ಹೊತ್ತು ಸೈಬೀರಿಯಾದ ಶಿಕ್ಷೆಗೆ ಗುರಿಯಾಗುವ ದ್ಮಿತ್ರಿಯ ಪಾತ್ರಕ್ಕೆ ಬೀಜ ಇವನೇ.

ಬಿಡುಗಡೆಯ ದಿನ ಕತೆಗಾರನೂ ಕಮ್ಮಾರಸಾಲೆಗೇ ಹೋಗಬೇಕು. ಕೈದಿಗಳೇ ಅಲ್ಲಿನ ಕಮ್ಮಾರರು. ಅವನನ್ನು ಹಿಂದುಮುಂದಾಗಿ ನಿಲ್ಲಿಸಿ, ಕಾಲನ್ನು ಹಿಂದಕ್ಕೆತ್ತಿ ಅಡಿಗಲ್ಲಿನ ಮೇಲಿಟ್ಟು, ಮೊದಲು ಈ ಮೊಳೆ ತಿರುಗಿಸು, ಹಾಗಲ್ಲ ಹೀಗೆ ಎಂದು ಒಬ್ಬರಿಗೊಬ್ಬರು ಹೇಳುತ್ತ, ಕೆಲಸ ಅಚ್ಚುಕಟ್ಟಾಗಿ ಆಗಬೇಕೆಂದು ಸಡಗರಪಡುತ್ತಾರೆ. ಅವರ ಕಾಲಲ್ಲಿ ಅವರವರ ಬೇಡಿ ಹಾಗೇ ಇದೆ. ಬೇಡಿ ಕಳಚಿ ನೆಲಕ್ಕೆ ಬೀಳುತ್ತದೆ. ಅವನು ಬಗ್ಗಿ ಅದನ್ನು ಎತ್ತಿಕೊಂಡು, ಇಷ್ಟು ಹೊತ್ತು ಇದು ನನ್ನ ಕಾಲಲ್ಲೇ ಇತ್ತೇ ಎಂಬಂತೆ ಕೈಯಲ್ಲಿ ಹಿಡಿದು ನೋಡುತ್ತಾನೆ.